ಮೂರನೇ ಕ್ಲಾಸಿನ ಮುಂದಿನ ಪುಸ್ತಕ

“ಬಿ.ಕಾಂ. ಹಾಕಿದೀನಿ ಕಣೆ,” ಎಂದು ಇಂದಿರಾ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳಿದಾಗ ಪ್ರೇಮಾ ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಳು. ಚಾಕು ಅರೆಗಳಿಗೆ ನಿಂತಿತು. ಮತ್ತೆ ನಡೆಯಿತು.

“ಹೂಂರೀ ಅಕ್ಕಾರ.”

ಹೊರಗೆ ಗಾಳಿಪಟದ, ಇಲ್ಲಿಯವರ ಬಾಯಲ್ಲಿ ಪತಂಗದ, ಗಲಾಟೆ. ಒಂದೊಂದು ಮಾಳಿಗೆಯ ಮೇಲೂ ಒಂದೊಂದು ಸ್ಪೀಕರು. ಇಂದಿರಾಗೆ ಕೇಳಿಸಿದ್ದು ಆ ಹೂಂ ಮಾತ್ರ. ಅದರ ಹಿಂದೆ ನಿಂತಿದ್ದ ಚಾಕು ಅವಳಿಗೆ ಕಾಣಲಿಲ್ಲ. ಪ್ರೇಮಾಳ ವಿಷಯದಲ್ಲಿ ಎಲ್ಲರಿಗೂ ಆಗುತ್ತಿದ್ದದ್ದು ಅದೇ. ಅವಳು ಎಲ್ಲರನ್ನೂ ನೋಡುತ್ತಿದ್ದಳು, ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಇಂದಿರಾ ಮೈಸೂರಿನವಳು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಬ್ಯಾಂಕಿನಲ್ಲಿ ಆಫೀಸರು. ಗಂಡ ಮೈಸೂರಿನಲ್ಲೇ ಕಾಲೇಜು ಮೇಷ್ಟ್ರು. ಮಗಳು ಚಿನ್ಮಯಿಯನ್ನು ಕಟ್ಟಿಕೊಂಡು ಇಲ್ಲಿಗೆ ಬಂದ ಹೊಸದರಲ್ಲಿ, ಮಗುವನ್ನು ನೋಡಿಕೊಳ್ಳಲು ಕನ್ನಡ ಬಲ್ಲವರು ಬೇಕು ಎಂದು ಅವರಿವರನ್ನು ಕೇಳಿದಾಗ ಸಿಕ್ಕವಳು ಪ್ರೇಮಾ. ಪ್ರೇಮಾಳ ಅಪ್ಪ ಹಾಲಪ್ಪ ರಾಣೆಬೆನ್ನೂರು ಕಡೆಯವನು. ವಡೋದರಾದ ಗೋರ್ವಾದಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ. ಹೆಂಡತಿ ತೀರಿಕೊಂಡ ವರ್ಷ ಮಗಳನ್ನು ಊರಿನಿಂದ ಕರೆದುಕೊಂಡು ಬಂದಿದ್ದ. ಈಗ ಪ್ರೇಮಾ ವಾರವೆಲ್ಲ ಇಂದಿರಾಳ ಫ್ಲ್ಯಾಟಿನಲ್ಲಿ ಇದ್ದು ಭಾನುವಾರ ಗೋರ್ವಾಕ್ಕೆ ಹೋಗಿ ಬರುತ್ತಿದ್ದಳು.

ಓದಿಸುವ ಹುಚ್ಚು ಇಂದಿರಾಳದು. ಶಾಲೆ ಮುಗಿಸದವರಿಗೂ ಮುಕ್ತ ವಿಶ್ವವಿದ್ಯಾಲಯದಲ್ಲಿ ಒಂದು ಪೂರ್ವಸಿದ್ಧತಾ ಪರೀಕ್ಷೆ ಇರುತ್ತದೆ, ಅದು ಪಾಸಾದರೆ ಪದವಿಗೆ ಸೇರಬಹುದು ಎಂದು ಪತ್ತೆ ಮಾಡಿ, ಬ್ಯಾಂಕಿನಿಂದ ದಣಿದು ಬಂದರೂ ಎದುರು ಕೂರಿಸಿಕೊಂಡು ಹೇಳಿಕೊಟ್ಟಿದ್ದಳು. ಪ್ರೇಮಾ ಪಾಸಾದಳು. ಆ ದಿನ ಇಂದಿರಾ ಬ್ಯಾಂಕಿನವರಿಗೆಲ್ಲ ಪೇಢೆ ಹಂಚಿದ್ದಳು, ತಾನೇ ಪಾಸಾದವಳ ಹಾಗೆ.

“ಎಲ್ಲಾ ತುಂಬಿದೀನಿ,” ಎಂದಳು ಈಗ. “ಮಾರ್ಕ್ಸ್ ಕಾರ್ಡ್ ಒಂದೇ ಬಾಕಿ. ನಾಳೆ ನಿಮ್ಮಪ್ಪ ತರ್ತಾರಲ್ಲ, ಕೆಳಗಡೆ ಭಾನುಬೆನ್ ಅಂಗಡೀಲಿ ಸ್ಕ್ಯಾನ್ ಮಾಡ್ಸಿ ಅಲ್ಲೇ ಹಾಕ್ಸಿಬಿಡು. ಫೀಸು ನನ್ನ ಸಂಕ್ರಾಂತಿ ಉಡುಗೊರೆ, ನನ್ನ ಕಾರ್ಡಿಂದಾನೇ ಕಟ್ಟೋದು. ಓಟಿಪಿ ನನಗೆ ಬರುತ್ತೆ, ಫೋನ್ ಮಾಡು, ಹೇಳ್ತೀನಿ. ನಾಳೆ ಸಂಜೆಗೆ ಕೊನೆ, ನೆನಪಿರಲಿ.”

“ನಾಳೆ... ಅಂಗಡಿ...”

“ಹಬ್ಬ ಇವತ್ತು ತಾನೆ? ನಾಳೆ ನಮ್ಮ ಬ್ಯಾಂಕೇ ತೆಗೆದಿರುತ್ತೆ, ಅವಳ ಅಂಗಡಿ ತೆಗೆಯಲ್ವಾ?”

ತೆಗೆಯುವುದಿಲ್ಲ. ಪ್ರೇಮಾಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಪ್ರತಿ ಸಂಕ್ರಾಂತಿಗೂ ಮೈಸೂರಿಗೆ ಓಡುತ್ತಿದ್ದ ಇಂದಿರಾಗೆ ಈ ವರ್ಷ ರಜೆ ಸಿಕ್ಕಿರಲಿಲ್ಲ. ಇಲ್ಲಿಯ ಹಬ್ಬ ನೋಡುತ್ತಿರುವುದೇ ಇದು ಮೊದಲು. ಸಂಕ್ರಾಂತಿ ಎಂದರೆ ಒಂದು ದಿನ, ಎಳ್ಳು ಬೀರಿದರೆ ಮುಗಿಯಿತು ಎಂಬ ಮೈಸೂರಿನ ಲೆಕ್ಕ ಅವಳದು. ಇಲ್ಲಿ ಮರುದಿನವೂ ಹಬ್ಬವೇ. ವಾಸಿ ಉತ್ತರಾಯಣ ಅನ್ನುತ್ತಾರೆ, ತಂಗಳು ಹಬ್ಬ. ಸರ್ಕಾರ ರಜೆ ಕೊಡಲಿ ಬಿಡಲಿ, ಅಂಗಡಿಯವರು ಶಟರು ಎಳೆದು ಮಾಳಿಗೆ ಹತ್ತಿಬಿಡುತ್ತಾರೆ.

ಹೇಳಬೇಕಿತ್ತು. ಬಾಯಿವರೆಗೂ ಬಂದಿತ್ತು. ಆದರೆ ಆ ಮಾತಿನ ಪಕ್ಕದಲ್ಲೇ ಇನ್ನೊಂದು ಯೋಚನೆಯೂ ಬಂದು ಕೂತುಬಿಟ್ಟಿತು. ನಾಳೆ ಅಂಗಡಿ ಮುಚ್ಚಿದ್ದರೆ ಅರ್ಜಿ ಹೋಗುವುದಿಲ್ಲ. ಅರ್ಜಿ ಹೋಗದಿದ್ದರೆ ಬಿ.ಕಾಂ. ಕೂಡ ತಾನಾಗಿ ತಪ್ಪಿಹೋಗುತ್ತದೆ. ಇಷ್ಟು ಮಾಡಿದ ಅಕ್ಕನ ಮುಖಕ್ಕೆ ‘ನನಗಿದು ಬ್ಯಾಡ’ ಎನ್ನುವ ಕಷ್ಟ ಇರುವುದಿಲ್ಲ.

ಅವಳು ಕೊಬ್ಬರಿ ಹೆಚ್ಚಿದಳು.

ಹಾಗಾದರೆ ಅವಳಿಗೆ ಬೇಕಾದದ್ದು ಏನು? ಅದನ್ನು ಹೇಳಿದರೆ ಯಾರೂ ನಗದೆ ಇರಲಾರರು ಎಂದು ಅವಳಿಗೆ ಅನ್ನಿಸುತ್ತಿತ್ತು.

ಊರು ಬಿಟ್ಟು ಬಂದಾಗ ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. ಕನ್ನಡ ಶಾಲೆಯಲ್ಲಿ ಓದಿದವಳು. ಗೋರ್ವಾದ ಶಾಲೆಯ ಹೆಡ್‌ಮೇಡಂ ಒಳ್ಳೆಯವರೇ. ಒಂದು ಗುಜರಾತಿ ಪುಸ್ತಕ ಕೊಟ್ಟು ಓದಲು ಹೇಳಿದರು. ಪ್ರೇಮಾ ಪುಟ ತೆರೆದರೆ, ಅಕ್ಷರಗಳಿಗೆ ತಲೆಕಟ್ಟೇ ಇಲ್ಲ. ಕನ್ನಡದಲ್ಲಿ ಹೆಚ್ಚಿನವಕ್ಕೆ ತಲೆಕಟ್ಟುಂಟು, ಹಿಂದಿಗೆ ಉದ್ದಕ್ಕೂ ಎಳೆದ ಗೆರೆಯುಂಟು. ಇವೋ ಬೋಳುತಲೆಯಲ್ಲಿ ನಿಂತಿದ್ದವು, ಯಾರ ಮನೆಯವೋ ಏನೋ ಎಂಬಂತೆ. ಅವಳು ನಿಂತೇ ಇದ್ದಳು. ಭಾಷೆ ಬರುವವರೆಗೆ ಐದನೆಯದರಲ್ಲಿ ಕೂರಲಿ ಎಂದರು. ಎದೆಯೆತ್ತರಕ್ಕೂ ಬಾರದ ಮಕ್ಕಳ ನಡುವೆ, ಮೊಣಕಾಲು ಹಿಡಿಸದ ಬೆಂಚಿನಲ್ಲಿ ಕೆಲವು ದಿನ ಕೂತಳು. ಒಂದು ಬೆಳಗ್ಗೆ ಜಡೆ ಹೆಣೆದುಕೊಳ್ಳಲಿಲ್ಲ. ಹಾಲಪ್ಪ ಕೇಳಲೂ ಇಲ್ಲ, ಬೈಯಲೂ ಇಲ್ಲ. ಡಬ್ಬಿಗೆ ಹಾಕಿದ್ದ ರೊಟ್ಟಿಯನ್ನು ತೆಗೆದು ತಟ್ಟೆಗೆ ಹಾಕಿ ಅವಳ ಮುಂದಿಟ್ಟು ಕೆಲಸಕ್ಕೆ ಹೋದ.

ಚಿನ್ಮಯಿ ಒಂದನೇ ಕ್ಲಾಸಿಗೆ ಸೇರಿದ ವರ್ಷ ಅದೇ ಬೋಳುತಲೆಯ ಅಕ್ಷರಗಳು ಚಿತ್ರಗಳ ಜೊತೆ ಮನೆಗೆ ಬಂದವು. ಯಾವ ಶಾಲೆಯಾದರೂ ಇಲ್ಲಿ ಗುಜರಾತಿ ಕಲಿಯಲೇಬೇಕು. ಇಂದಿರಾ “ಇದು ನನಗೆ ಬರಲ್ಲಪ್ಪ, ನೀವಿಬ್ರೂ ಏನಾದ್ರೂ ಮಾಡ್ಕೊಳ್ಳಿ” ಎಂದು ಕೈಯೆತ್ತಿದಳು. ಮಗು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಕೂಗುವುದು, ಪ್ರೇಮಾ ಅದರ ಹಿಂದೆ ಸಣ್ಣಗೆ ಅನ್ನುವುದು. ಕಬೂತರ್ ಎಂಬ ಪಾರಿವಾಳದ ಕ, ಸಸಲುಂ ಎಂಬ ಮೊಲದ ಸ. ಈ ಬೆಂಚಿನಲ್ಲಿ ಮೊಣಕಾಲು ತಾಗುತ್ತಿರಲಿಲ್ಲ, ನೋಡುವವರೂ ಇರಲಿಲ್ಲ. ಒಂದನೆಯದು ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯದರಲ್ಲಿ ಒಂದು ಮುದುಕಿ ಮತ್ತು ಬಾವಿಯ ಕಥೆಯಿತ್ತು; ಚಿನ್ಮಯಿ ಮಲಗಿದ ಮೇಲೂ ಪ್ರೇಮಾ ಅದನ್ನು ಓದಿದಳು. ಆಮೇಲೆ ಅವಳಿಗೆ ಫ್ಲ್ಯಾಟಿನ ಸೊಸೈಟಿಯ ನೋಟಿಸು ಓದಲು ಬಂತು, ಬಸ್ಸಿನ ಬೋರ್ಡು ಓದಲು ಬಂತು, ಫಾಫಡಾ ತಿಂಡಿ ಕಟ್ಟಿಕೊಟ್ಟ ಹಳೆಯ ಪೇಪರನ್ನು ಎಣ್ಣೆಯ ಕಲೆಯ ಸಮೇತ ಓದಲು ಬಂತು. ಯಾರಿಗೂ ಹೇಳಲಿಲ್ಲ. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ‘ಬಿ.ಎ. ಗುಜರಾತಿ’ ಎಂದು ಕಂಡ ದಿನವೂ ಹೇಳಲಿಲ್ಲ.

ಮರುದಿನ ಇಂದಿರಾ ಬ್ಯಾಂಕಿಗೆ ಹೋದ ಮೇಲೆ ಹಾಲಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಕವರು, ಅದರೊಳಗೆ ಮಾರ್ಕ್ಸ್ ಕಾರ್ಡು. ಅದನ್ನು ರೈಲಿನಲ್ಲಿ ತೊಡೆಯ ಮೇಲೆ ಚಪ್ಪಟೆ ಇಟ್ಟುಕೊಂಡು ಬಂದಿದ್ದ.

“ತಗೋಳವ್ವಾ. ಮಡಿಕಿ ಸತೇಕ ಬಿದ್ದಿಲ್ಲ ನೋಡು. ನಡಿ, ಅಂಗಡಿಗೆ ಹೋಗೂಣು.”

“ಅಂಗಡಿ ಇಲ್ಲಪ್ಪಾ ಇವತ್ತು. ವಾಸಿ ಉತ್ತರಾಯಣ.”

“ಹೌದಲ್ಲ! ನಮ್ಮ ಕ್ಯಾಂಟೀನೂ ಬಂದ್ ಐತಿ, ಅದಕ್ಕs ಬಂದೇನಿ ನಾನು.” ಹಾಲಪ್ಪ ತಲೆ ಕೆರೆದುಕೊಂಡ. “ಮತ್ತ ಅಕ್ಕಾರಿಗೆ ಹೇಳಲಿಲ್ಲೇನ?”

ಪ್ರೇಮಾ ನೀರಿನ ಲೋಟ ಕೊಟ್ಟಳು.

“ನಾಳೆ ಆಗೂದಿಲ್ಲೇನ?”

“ಇವತ್ತ ಕಡೀ ದಿನ.”

ಅವನು ನೀರು ಕುಡಿಯಲಿಲ್ಲ. ಮಗಳ ಮುಖವನ್ನು ಒಮ್ಮೆ ನೋಡಿ, ಲೋಟವನ್ನು ಮೇಜಿನ ಮೇಲಿಟ್ಟು, “ಅಂಗಡಿಯಾಕಿ ಎಲ್ಲಿ ಇರ್ತಾಳ?” ಎಂದ.

ಉತ್ತರ ಚಿನ್ಮಯಿ ಕೊಟ್ಟಳು. “ಭಾನು ಆಂಟಿ ನಮ್ಮ ಟೆರೇಸ್ ಮೇಲೇ ಇದಾರೆ ಅಜ್ಜಾ! ಅವರ ಪತಂಗ್ ಬ್ಲಾಕ್ ಕಲರ್. ನಾನು ವಿಂಡೋಲಿ ಜೋಯು... ನೋಡಿದೆ!”

“ಬ್ಯಾಡಪ್ಪಾ, ಹಬ್ಬದಾಗ ಯಾರನ್ನ ಕರಿಯೂದು...” ಎಂದು ಪ್ರೇಮಾ ಹೇಳುವುದರೊಳಗೆ ಅವನು ಮೆಟ್ಟಿಲು ಹತ್ತುತ್ತಿದ್ದ. ಹಿಂದೆ ಚಿನ್ಮಯಿ. ಅವರ ಹಿಂದೆ, ಬೇರೆ ದಾರಿಯಿಲ್ಲದೆ, ಪ್ರೇಮಾ.

ಮಾಳಿಗೆಯ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಮಾತ್ರ ಇತ್ತು. ಅಪ್ಪನದು. ಆಫೀಸುಗಳ ಹೊರಗೆ ಬಿಡುವ ಹಾಗೆ ಬಿಟ್ಟು ಹೋಗಿದ್ದ. ಒಳಗೆ ಇಡೀ ಸೊಸೈಟಿ ಬೂಟು ಚಪ್ಪಲಿ ಹಾಕಿಕೊಂಡೇ ಕುಣಿಯುತ್ತಿತ್ತು. ಹಬ್ಬದ ತರಕಾರಿ ಪಲ್ಯ ಉಂಧಿಯು, ಜಿಲೇಬಿಯ ಡಬ್ಬಿಗಳು ತೆರೆದಿದ್ದವು. ಎಲ್ಲರೂ ಮುಖ ಮೇಲೆತ್ತಿ ಆಕಾಶ ನೋಡುತ್ತಿದ್ದರು. ಆ ಮೇಲೆತ್ತಿದ ಮುಖಗಳ ನಡುವೆ ಹಾಲಪ್ಪ ಒಬ್ಬನೇ ನೆಟ್ಟಗೆ ಎದುರು ನೋಡುತ್ತ, ಕವರನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬೊಬ್ಬರ ಹತ್ತಿರ ಹೋಗುತ್ತಿದ್ದ.

“ಭಾನುಬೆನ್ ಕಹಾಂ ಛೇ ಸಾಬ್? ಅರ್ಜೆಂಟ್ ಕಾಮ್ ಛೇ ಸಾಬ್...”

ಸ್ಪೀಕರಿನ ಅಬ್ಬರದಲ್ಲಿ ‘ಭಾನುಬೆನ್ ಎಲ್ಲಿ’ ಎಂಬ ಅವನ ಹರಕು ಗುಜರಾತಿ ಯಾರಿಗೂ ಕೇಳಿಸಲಿಲ್ಲ. ಒಬ್ಬರು ಅವನನ್ನು ಹಬ್ಬದ ಅಡುಗೆಯವನೆಂದುಕೊಂಡು ಖಾಲಿ ತಟ್ಟೆ ಕೈಗಿತ್ತರು. ಅವನು ಅದನ್ನೂ ಹಿಡಿದುಕೊಂಡ. ತಟ್ಟೆ ಒಂದು ಕೈಯಲ್ಲಿ, ಕವರು ಒಂದು ಕೈಯಲ್ಲಿ, ಕವರಿಗೆ ಎಣ್ಣೆ ತಾಗದಂತೆ ತೋಳನ್ನು ದೂರ ಚಾಚಿ, ಮತ್ತೆ “ಸಾಬ್...” ಎಂದ.

ಅಪ್ಪನ ಆ ಚಾಚಿದ ತೋಳು ನೋಡಿ ಪ್ರೇಮಾ ಬಾಗಿಲಲ್ಲಿ ನಿಲ್ಲಲಾರದೆ ಹೋದಳು. ಅವಳು ಗಲಾಟೆ ದಾಟಿ ಆ ಕಡೆಯ ಮೂಲೆಗೆ ನಡೆದಳು. ಅಲ್ಲಿ ಭಾನುಬೆನ್ ಕಪ್ಪು ಕನ್ನಡಕ ಹಾಕಿ, ಗಾಜುಪುಡಿಯ ದಾರ ಕೊಯ್ಯದಂತೆ ಬೆರಳಿಗೆಲ್ಲ ಬ್ಯಾಂಡೇಜು ಸುತ್ತಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ದಾರ ಎಳೆಯುತ್ತಿದ್ದಳು.

“ಭಾನುಬೆನ್!” ಪ್ರೇಮಾ ಗುಜರಾತಿಯಲ್ಲಿ, ಸ್ಪೀಕರಿಗಿಂತ ಮೇಲೆ ಕೂಗಿದಳು. “ನನ್ನ ಕಾಲೇಜಿನ ಅರ್ಜಿ ಹಾಕಬೇಕು. ಇವತ್ತೇ ಕೊನೆ. ಹಬ್ಬದ ದಿನ ನಿಮ್ಮನ್ನು ಕೆಳಗೆ ಕರೆಯುವುದು ತಪ್ಪು, ನನಗೆ ಗೊತ್ತು. ಆದರೂ ಕರೆಯುತ್ತಿದ್ದೇನೆ. ಬನ್ನಿ.”

ಹತ್ತಿರದ ಮುಖಗಳು ಆಕಾಶದಿಂದ ಇಳಿದವು. ಭಾನುಬೆನ್ ಕನ್ನಡಕವನ್ನು ಹಣೆಗೆ ಏರಿಸಿದಳು.

“ಅರೆ! ಈ ಹುಡುಗಿಗೆ ಬಾಯಿ ಉಂಟಾ? ಜೆರಾಕ್ಸಿಗೆ ಬಂದಾಗಲೆಲ್ಲ ಬರೀ ಬೆರಳು ತೋರಿಸಿ ಹೋಗುತ್ತಿದ್ದೆಯಲ್ಲ! ನಾನು ಪಾಪ ಮೂಗಿ ಅಂತ ಒಂದು ರೂಪಾಯಿ ಕಡಿಮೆ ತಗೊಳ್ಳುತ್ತಿದ್ದೆ.”

ಸುತ್ತ ನಿಂತವರು ನಕ್ಕರು. ಪ್ರೇಮಾ ಅಲ್ಲಿಂದ ಕದಲಲಿಲ್ಲ.

“ದೀದಿ ನನ್ನ ಟೆಕ್ಸ್ಟ್‌ಬುಕ್ ಎಲ್ಲಾ ಓದಿದಾಳೆ,” ಎಂದು ಚಿನ್ಮಯಿ ಗುಜರಾತಿಯಲ್ಲಿ ಸಾಕ್ಷಿ ಹೇಳಿದಳು.

ಹಾಲಪ್ಪ ತಟ್ಟೆ ಹಿಡಿದುಕೊಂಡೇ ಮಗಳನ್ನು ನೋಡುತ್ತಿದ್ದ. “ಯವ್ವಾ, ಇದನ್ನ ಯಾವಾಗ ಕಲ್ತಿ?”

ಉತ್ತರಕ್ಕೆ ಸಮಯವಿರಲಿಲ್ಲ. ಭಾನುಬೆನ್ ಪತಂಗದ ದಾರವನ್ನು ಪಕ್ಕದವಳಿಗೆ ಕೊಟ್ಟಳು. ದಾರ ಸುತ್ತಿದ ಫಿರ್ಕಿಯನ್ನು ಹಾಲಪ್ಪನ ಕೈಗೆ ತುರುಕಿ, ತಟ್ಟೆಯನ್ನು ತಾನು ಕಿತ್ತುಕೊಂಡು ಗೋಡೆಯ ಮೇಲಿಟ್ಟಳು. “ಕಾಕಾ, ಇದನ್ನು ಹಿಡ್ಕೊಳ್ಳಿ. ನನ್ನ ಪತಂಗ ಹೋದರೆ ನಿಮ್ಮ ಮಗಳ ಅರ್ಜಿಯೂ ಹೋಯಿತು ಅಂದುಕೊಳ್ಳಿ!” ಎಂದು ಮೆಟ್ಟಿಲಿಳಿದಳು.

ಶಟರು ಅರ್ಧ ಎತ್ತಿ, ಬಗ್ಗಿ ಒಳಗೆ ಹೋದರು. ಕಂಪ್ಯೂಟರು ಗೊಣಗುತ್ತ ಎದ್ದಿತು. ಮಾರ್ಕ್ಸ್ ಕಾರ್ಡು ಸ್ಕ್ಯಾನಾಗಿ ಅದರ ಜಾಗಕ್ಕೆ ಹೋಗಿ ಕೂತಿತು. ಭಾನುಬೆನ್ ಬ್ಯಾಂಡೇಜಿನ ಬೆರಳಿನಿಂದ ಪರದೆ ಕೆಳಗಿಳಿಸುತ್ತ ಓದಿದಳು.

“ಹೆಸರು ಸರಿ. ವಿಳಾಸ ಸರಿ. ಕೋರ್ಸು ಬಿ.ಕಾಂ. ಸರಿ ತಾನೆ? ಒತ್ತಲಾ?”

ಪ್ರೇಮಾ ಪರದೆಯನ್ನು ನೋಡಿದಳು. ಕೂಗಿ ಬಂದ ಗಂಟಲು ಇನ್ನೂ ಬಿಸಿಯಾಗಿತ್ತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಅವಳಿಗೇ ಗೊತ್ತಾಯಿತು.

“ಇಲ್ಲ. ಬಿ.ಎ. ಗುಜರಾತಿ.”

ಭಾನುಬೆನ್ ಕುರ್ಚಿಯನ್ನೇ ತಿರುಗಿಸಿದಳು. “ನೀನು? ಮದ್ರಾಸಿ ಹುಡುಗಿ?”

“ಕರ್ನಾಟಕ.”

“ಅದೇ ಕಣಮ್ಮ. ನನ್ನ ಮಗ ಇಂಗ್ಲಿಷ್ ಮೀಡಿಯಂ, ಈ ಅಂಗಡಿಯ ಬೋರ್ಡು ಓದಲು ತಡಕಾಡುತ್ತಾನೆ. ನೀನು ಬಿ.ಎ. ಮಾಡುತ್ತೀಯ!” ಅವಳ ನಗೆಯಲ್ಲಿ ಗೇಲಿ ಇರಲಿಲ್ಲ. ಪಟ್ಟಿ ತೆರೆದಳು, ಬದಲಿಸಿದಳು. ಹಣ ಕಟ್ಟುವ ಪುಟ ಬಂತು, ಇಂದಿರಾ ಬರೆದುಕೊಟ್ಟಿದ್ದ ಕಾರ್ಡಿನ ನಂಬರು ಹಾಕಿದ್ದಾಯಿತು. ಪ್ರೇಮಾ ಇಂದಿರಾಗೆ ಫೋನ್ ಮಾಡಿದಳು.

“ಬಂತು ಕಣೆ ಓಟಿಪಿ, ಬರ್ಕೋ.” ಹಿಂದೆ ಬ್ಯಾಂಕಿನ ಗದ್ದಲ. “ಅಂಗಡಿ ತೆಗೆದಿತ್ತು ತಾನೆ? ನಾನು ಹೇಳ್ಲಿಲ್ವಾ. ಇಲ್ನೋಡಿದ್ರೆ ಒಬ್ಬ ಗಿರಾಕೀನೂ ಬಂದಿಲ್ಲ, ಸ್ಟಾಫೂ ಅರ್ಧ ಬಂದಿಲ್ಲ. ಏನ್ ಊರೋ. ಬಿ.ಕಾಂ.ದು ಒಂದ್ಸಲ ಸರಿಯಾಗಿ ನೋಡ್ಕೊಂಡ್ಯಾ?”

ಬರೆದುಕೊಂಡು ಸುಮ್ಮನೆ ಒತ್ತಿಬಿಡಬಹುದಿತ್ತು. ಅಕ್ಕನಿಗೆ ಆಮೇಲೆ ಗೊತ್ತಾಗುತ್ತಿತ್ತು. ಆದರೆ ಅಕ್ಕನ ಉಡುಗೊರೆಯನ್ನು ಅಕ್ಕನಿಗೇ ತಿಳಿಯದಂತೆ ತೆಗೆದುಕೊಳ್ಳುವುದು ಹೇಗೆ?

“ಅಕ್ಕಾರ, ತಡೀರಿ. ಅಂಕಿ ಹೇಳಬ್ಯಾಡ್ರಿ.”

“ಯಾಕೆ?”

“ಬಿ.ಕಾಂ. ತೆಗೆಸೀನ್ರೀ. ಬಿ.ಎ. ಗುಜರಾತಿ ಹಾಕ್ಸೀನಿ.”

ಆ ಕಡೆ ಕುರ್ಚಿ ಸರಿದ ಸದ್ದು. 

“ಪ್ರೇಮಾ, ತಮಾಷೆ ಮಾಡ್ತಿದೀಯಾ?”

“ಇಲ್ರೀ.”

“ನೋಡು, ಮೇ ತಿಂಗಳಲ್ಲಿ ನನಗೆ ಟ್ರಾನ್ಸ್‌ಫರ್ ಬರಬಹುದು. ನಾನು ಹೊರಟು ಹೋದ್ಮೇಲೆ ನೀನು ಇನ್ನೊಬ್ಬರ ಮನೇಲಿ ಪಾತ್ರೆ ತೊಳೀತಾ ಕೂರ್ಬಾರ್ದು ಅಂತ ನಾನು ಒದ್ದಾಡ್ತಿರೋದು. ಗುಜರಾತಿ ತಗೊಂಡು ಏನು ಮಾಡ್ತೀಯ? ನಿನಗೆ ಅದು ಓದೋಕೂ ಬರಲ್ಲ!”

“ಬರ್ತೈತ್ರೀ. ಚಿನ್ನೂ ಜೊತಿ ಕಲ್ತೀನಿ. ಅಕ್ಕಾರ, ಆಕೀ ಪುಸ್ತಕ ಮೂರನೇತ್ತಕ್ಕs ನಿಂತುಬಿಡ್ತೈತಿ. ನೀವು ಬ್ಯಾರೆ ಊರಿಗೆ ಹ್ವಾದ್ರ ನಾಕನೇದ್ದು ಮನೀಗೆ ಬರೂದಿಲ್ಲ. ಮುಂದ ಏನೈತಿ ಅಂತ ನನಗ ಗೊತ್ತಾಗಬೇಕ್ರೀ.”

ಇಷ್ಟುದ್ದ ಮಾತು ಅವಳ ಬಾಯಿಂದ ಇಂದಿರಾ ಕೇಳಿರಲಿಲ್ಲ.  ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಭಾನುಬೆನ್ ಪ್ರೇಮಾಳ ತೋಳು ತಟ್ಟಿದಳು: ಸಮಯ ಮೀರಿತು, ಓಟಿಪಿ ಸತ್ತುಹೋಯಿತು.

“ನಾನು ಹೇಳ್ತಿದ್ದ ಬ್ಯಾಂಕ್ ಕೆಲಸದ ಪರೀಕ್ಷೆನಾದ್ರೂ ಬರೀತೀಯೋ ಇಲ್ವೋ?” ಇಂದಿರಾಳ ದನಿ ಈಗ ತಗ್ಗಿತ್ತು.

“ಅದನ್ನ ಯಾವ ಡಿಗ್ರಿ ಮಾಡಿದವ್ರೂ ಬರೀಬಹುದು ಅಂತ ನೀವs ಹೇಳಿದ್ರಿ, ಅಕ್ಕಾರ.”

“ಹೇಳಿದ್ನಾ?”

“ಹೇಳಿದ್ರಿ. ದೋಸಿ ತಿನ್ನೋ ಮುಂದ.”

ಫೋನಿನಲ್ಲಿ ಉಸಿರೋ ನಗೆಯೋ ತಿಳಿಯದ ಒಂದು ಸದ್ದು. “ಇಷ್ಟು ವರ್ಷದಿಂದ ನನ್ನ ಮಾತೆಲ್ಲ ಹೀಗೆ ಕೂಡಿಡ್ತಾ ಇದ್ಯಾ? ಒಂದ್ಸಲ ಬಾಯಿಬಿಟ್ಟು ನಿನಗೇನು ಬೇಕು ಅಂತ ಹೇಳ್ಬಾರ್ದಾಗಿತ್ತಾ? ನಾನೇನು ಹುಲೀನಾ?”

“ಅಲ್ರೀ... ನೀವು ಪೇಢೆ ಹಂಚಿದ್ರಲ್ಲ. ಅದಕ್ಕ.”

 ಆ ಕಡೆಯಿಂದ ಇಂದಿರಾ ಮೂಗೆಳೆದುಕೊಂಡ ಸದ್ದು ಬಂತು.

“ಇನ್ನೊಂದ್ಸಲ ಕಳ್ಸಕ್ಕೆ ಹೇಳು. ಬೆಳಗಿಂದ ಕಸ್ಟಮರಿಗೆಲ್ಲ ಓಟಿಪಿ ಯಾರಿಗೂ ಹೇಳ್ಬೇಡಿ ಹೇಳ್ಬೇಡಿ ಅಂತ ಬಡ್ಕೊಳ್ಳೋಳು ನಾನು, ನನ್ನ ಕೈಲೇ ಹೇಳಿಸ್ತಿದೀಯ. ಹೂಂ, ಬಂತು. ಬರ್ಕೋ.”

ಅವಳು ಒಂದೊಂದೇ ಅಂಕಿ ಹೇಳಿದಳು. ಪ್ರೇಮಾ ಅದನ್ನು ಗುಜರಾತಿಯಲ್ಲಿ ಭಾನುಬೆನ್‌ಗೆ ಹೇಳಿದಳು.  ಒತ್ತುವ ಗುಂಡಿಯನ್ನು ಭಾನುಬೆನ್ ಅವಳಿಗೇ ಬಿಟ್ಟಳು.

“ಸಂಜೆ ಬರ್ತೀನಿ, ಇದರ ಬಗ್ಗೆ ಚೆನ್ನಾಗಿ ಜಗಳ ಆಡೋಣ,” ಎಂದಳು ಇಂದಿರಾ. “ಉಂಧಿಯು ಸಿಕ್ಕಿದ್ರೆ ನನಗೊಂದು ಡಬ್ಬಿ ತೆಗೆದಿಡು.”

ಪ್ರಿಂಟು ಹಿಡಿದು ಪ್ರೇಮಾ ಮಾಳಿಗೆಗೆ ಬಂದಾಗ ಹಾಲಪ್ಪ ಆಗ ನಿಂತಿದ್ದ ಜಾಗದಲ್ಲೇ ಬರಿಗಾಲಲ್ಲಿ ನಿಂತಿದ್ದ. ಫಿರ್ಕಿಯ ಎರಡೂ ತುದಿಗಳನ್ನು ಕೂಸು ಹಿಡಿದ ಹಾಗೆ ಹಿಡಿದಿದ್ದ. ಚಿನ್ಮಯಿ ಅವನ ಪಕ್ಕದಲ್ಲಿ ಜಿಲೇಬಿ ತಿನ್ನುತ್ತಿದ್ದಳು.

“ಆತೇನವ್ವಾ?”

“ಆತಪ್ಪಾ.”

“ಯಾವುದು? ಆ ಬಿ.ಕಾಮು?”

“ಅಲ್ಲಪ್ಪಾ. ಗುಜರಾತಿ.”

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. “ಈ ಭಾಷಾಕ್ಕಲ್ಲೇನ ನೀ ಸಾಲಿ ಬಿಟ್ಟಿದ್ದು?”

“ಹೌದಪ್ಪಾ.”

“ಮತ್ತ?”

“ಮತ್ತೇನಿಲ್ಲ. ಅದನ್ನs ಓದ್ತೀನಿ.”

ಹಾಲಪ್ಪ ಮಗಳನ್ನು ನೋಡಿದ.   ಅಷ್ಟರಲ್ಲಿ ದಾರ ಹಿಡಿದಿದ್ದ ಹೆಂಗಸು ಅವನತ್ತ ತಿರುಗಿ ಜೋರಾಗಿ ಏನೋ ಕೂಗಿದಳು. ಅವನು ಗಾಬರಿಯಾಗಿ ಮಗಳ ಹತ್ತಿರ ಸರಿದ.

“ಆಗಿಂದ ನನಗ ಲಪೇಟ್ ಲಪೇಟ್ ಅಂತ ಬೈಯಾಕತ್ತಾರವ್ವಾ. ನಾ ಏನ ತಪ್ಪ ಮಾಡೀನಿ? ಹಂಗಂದ್ರ ಏನ?”

“ಬೈಯಾಕತ್ತಿಲ್ಲಪ್ಪಾ,” ಎಂದು ಪ್ರೇಮಾ ನಕ್ಕಳು. “ದಾರ ಸುತ್ತು ಅನ್ನಾಕತ್ತಾರ.”

“ಅಷ್ಟs ಏನ?” ಎಂದ ಹಾಲಪ್ಪ. ಮತ್ತೆ ಎರಡೂ ಕೈಯಿಂದ, ಸಾರಿನ ಹಂಡೆ ತಿರುವುವ ಬಲದಲ್ಲಿ ಸುತ್ತತೊಡಗಿದ.